ಏಳನೇ ನಂಬರಿನ ಲ್ಯಾಪ್‌ಟಾಪ್

"ತೆರೀತಿಲ್ಲ," ಎಂದಳು ಉಷಾರಾಣಿ.

ಕಿಟಕಿಯ ಹೊರಗೆ ನೋಡುತ್ತಿದ್ದ ಕಾನ್‌ಸ್ಟೇಬಲ್ ಲಿಂಗ ತಿರುಗಿದ. "ಏನು ಮೇಡಂ?"

"ವೀಣಾ ಬರೆದಿಟ್ಟ ಪತ್ರ. ವೀಣಾಳ ಲ್ಯಾಪ್‌ಟಾಪಲ್ಲೇ ತೆರೀತಿಲ್ಲ."

"ಕರೆಂಟು ಇಲ್ವೇನೋ."

"ಕರೆಂಟು ಇದೆ. ಪತ್ರಾನೂ ಇದೆ. ಓದೋಕೆ ಆಗ್ತಿಲ್ಲ, ಅಷ್ಟೇ."

ಕರಿಕೆಯ ಈ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ವೀಣಾ ಕಳೆದ ಶನಿವಾರ ಊರಂಚಿನಲ್ಲಿ ಹರಿಯುವ ತೋಡಿನ ಬಂಡೆಗಳ ಮೇಲೆ ಬಿದ್ದು ಸತ್ತಿದ್ದಳು. 'ನನ್ನ ಸಾವಿಗೆ ಜೀಪಿನ ಲೋಕೇಶನೇ ಕಾರಣ' ಎಂಬ ಈ ಪತ್ರವೊಂದರ ಬಲದ ಮೇಲೆ, ಬಾಡಿಗೆ ಜೀಪು ಓಡಿಸುವ ಲೋಕೇಶ್ ಐದು ದಿನದಿಂದ ಮಡಿಕೇರಿಯ ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಕೋರ್ಟು. ಅಲ್ಲಿಂದ ಜೈಲು.

ಸಬ್ ಇನ್‌ಸ್ಪೆಕ್ಟರ್ ಉಷಾರಾಣಿ ಮತ್ತೊಮ್ಮೆ ಪತ್ರದ ಹೆಸರಿನ ಮೇಲೆ ಒತ್ತಿದಳು. ಮತ್ತದೇ ಸಾಲು ಬಂತು: ಈ ತಂತ್ರಾಂಶ ಈ ಬಗೆಯ ಗಣಕದಲ್ಲಿ ನಡೆಯುವುದಿಲ್ಲ.

ತಂತ್ರಾಂಶದ ಹೆಸರು 'ಹೊಂಗೆ'. ಕನ್ನಡದಲ್ಲಿ ಬರೆಯುವುದಕ್ಕೆಂದು ವೀಣಾ ಊರಿಗೆಲ್ಲ ಕಲಿಸಿಕೊಟ್ಟದ್ದು. ಅದರ ಗುರುತಾದ ಹಸಿರು ಎಲೆಯ ಮೇಲೆ ಈಗ ಒಂದು ಅಡ್ಡಗೆರೆ ಬಿದ್ದಿತ್ತು, ರಸ್ತೆಯಲ್ಲಿ ವಾಹನ ನಿಲ್ಲಿಸಬಾರದೆಂದು ಹಾಕುವ ಫಲಕದ ಹಾಗೆ.

"ಠಾಣೆಯಲ್ಲಿ ಓದಿದ್ವಲ್ಲ ಮೇಡಂ? ಪ್ರಿಂಟೂ ತೆಗೆದ್ವಿ."

"ಠಾಣೆಯ ಕಂಪ್ಯೂಟರಲ್ಲಿ ಓದಿದ್ವಿ, ಅದರಲ್ಲಿ ಹೊಂಗೆ ಇದೆ. ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ. ಇದರಲ್ಲೇ ತೆರೆದು ನೋಡೋಣ ಅಂತ ನಮಗೆ ಯಾರಿಗೂ ಹೊಳೀಲಿಲ್ಲ, ಲಿಂಗ. ತಪ್ಪು ನಂದೇ."

ಲಿಂಗ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವಳ ಮುಂದಿಟ್ಟ. ಬೆಳಗಿನಿಂದ ಅವಳು ಕೆಮ್ಮುತ್ತಿದ್ದುದನ್ನು ಅವನು ಗಮನಿಸಿದ್ದ.

ಉಷಾರಾಣಿ ಗೋಡೆಯತ್ತ ನೋಡಿದಳು. ಅಲ್ಲಿ ದಪ್ಪ ಕಾಗದದ ಮೇಲೆ ವೀಣಾಳ ದುಂಡನೆಯ ಅಕ್ಷರಗಳಿದ್ದವು. 'ಏನನ್ನಾದರೂ ಇಳಿಸಿಕೊಳ್ಳುವಾಗ ಯೂನಿವರ್ಸಲ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ದೊಡ್ಡದಿದೆ ಎಂದು ಹೆದರಬೇಡಿ. ಎಲ್ಲರ ಲ್ಯಾಪ್‌ಟಾಪಿಗೂ ಆಗುತ್ತದೆ.' ಕೆಳಗೆ ಒಂದು ಚಿಕ್ಕ ನಗುಮುಖ.

ಮೇಜಿನ ಮೇಲೆ ರಟ್ಟಿನ ಡಬ್ಬಿ ಇತ್ತು. ಅದರ ತುಂಬ ಓದುವ ಕನ್ನಡಕಗಳು. ಒಂದೊಂದರ ಕಡ್ಡಿಗೂ ನಂಬರಿನ ಚೀಟಿ. ಕನ್ನಡಕ ಮನೆಯಲ್ಲಿ ಮರೆತು ಬರುವ ಮುದುಕರಿಗಾಗಿ ಅವಳು ಎಲ್ಲೆಲ್ಲಿಂದಲೋ ಕೇಳಿ ತಂದಿಟ್ಟದ್ದು.

"ಈ ಯೂನಿವರ್ಸಲ್ ಅಂದ್ರೆ ಎಂತದು ಮೇಡಂ?"

"ಬೆಳಕಿಂಡಿ ಟ್ರಸ್ಟಿನವರು ಈ ಊರಿಗೆ ಹನ್ನೆರಡು ಲ್ಯಾಪ್‌ಟಾಪ್ ಕೊಟ್ಟಿದ್ದಾರಲ್ಲ, ಎಲ್ಲಾ ಯಾರೋ ಬಳಸಿಬಿಟ್ಟವು. ಹೊರಗಿನಿಂದ ಎಲ್ಲವೂ ಒಂದೇ ಥರ. ಒಳಗೆ ಮಾತ್ರ ಬೇರೆ. ಕೆಲವಕ್ಕೆ ಹಳೇ ಇಂಟೆಲ್ ಚಿಪ್ಪು, ಕೆಲವಕ್ಕೆ ಹೊಸ ಚಿಪ್ಪು. ಒಂದಕ್ಕೆ ಅಂತ ಮಾಡಿದ ತಂತ್ರಾಂಶ ಇನ್ನೊಂದರಲ್ಲಿ ಓಡದೇ ಇರಬಹುದು."

"ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕ್ದಂಗೆ."

"ಹೂಂ. ಯೂನಿವರ್ಸಲ್ ಅಂದ್ರೆ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಕೊಡೋದು. ಅದಕ್ಕೇ ಭಾರ. ಇಳಿಸೋಕೆ ಹೊತ್ತು ಹಿಡಿಯುತ್ತೆ."

"ಇಲ್ಲಿ ನೆಟ್‌ವರ್ಕೇ ಇಲ್ವಲ್ಲ."

"ಅದಕ್ಕೇ ಅವಳು ಪ್ರತಿ ಶನಿವಾರ ಲೋಕೇಶನ ಜೀಪಲ್ಲಿ ಮಡಿಕೇರಿಗೆ ಬರ್ತಿದ್ದದ್ದು. ಪೆನ್‌ಡ್ರೈವಿಗೆ ತುಂಬಿಸ್ಕೊಂಡು ಹೋಗಿ ಮನೆಮನೆಗೆ ಹಾಕಿಕೊಡೋಳು. ಯಾರದ್ದು ಯಾವ ಚಿಪ್ಪು ಅಂತ ಕೇಳ್ತಾನೇ ಇರಲಿಲ್ಲ. ಕೇಳಿದ್ರೆ, ನಮ್ಮದು ಹಳೇದಾ ಅಂತ ಬೇಜಾರು ಮಾಡ್ಕೋತಾರೆ ಅಂತ."

ಅವಳು ಮೇಜಿನ ಖಾನೆಯಿಂದ ವೀಣಾಳ ಪೆನ್‌ಡ್ರೈವ್ ತೆಗೆದಳು. ಕೆಂಪು ನೂಲು ಕಟ್ಟಿದ್ದು. ಅದರಲ್ಲಿ ಹೊಂಗೆ ಇತ್ತು, ಯೂನಿವರ್ಸಲ್ಲೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹಾಕಿದಳು. ಎರಡು ನಿಮಿಷ. ಹಸಿರು ಎಲೆ ಅರಳಿತು. ಪತ್ರವೂ ತೆರೆಯಿತು.

ಮೊದಲು ಇದರಲ್ಲಿದ್ದ ಹೊಂಗೆ ಬೇರೆ. ಅದರ ಹೆಸರಿನ ಕೊನೆಯಲ್ಲಿ ಹೊಸ ಚಿಪ್ಪಿನ ಗುರುತು ಇತ್ತು. ಗಾತ್ರವೂ ಸುಮಾರು ಅರ್ಧ. ಯಂತ್ರದ ವಿವರ ನೋಡಿದರೆ ಅದು ಇಂಟೆಲ್. ಆದರೆ ಬೆನ್ನ ಮೇಲಿನ ಹಳದಿ ಚೀಟಿ ಹೇಳುತ್ತಿದ್ದುದು: ಏಳು. ವೀಣಾ.

"ಅಂದ್ರೆ ಈ ಪತ್ರ..." ಲಿಂಗನ ದನಿ ತಗ್ಗಿತು.

"ಇದರಲ್ಲಿ ಬರೆದದ್ದಲ್ಲ. ಎಲ್ಲೋ ಬರೆದು ತಂದು ಹಾಕಿದ್ದಾರೆ. ಹೊಂಗೆ ಇಲ್ಲದ ಗಣಕದಲ್ಲಿ ಹೊಂಗೆಯ ಪತ್ರ ಸಿಕ್ಕರೆ ಅನುಮಾನ ಬರುತ್ತೆ ಅಂತ ಅದನ್ನೂ ಹಾಕಿದ್ದಾರೆ. ತಪ್ಪು ಚಿಪ್ಪಿಂದು."

"ಯಾವತ್ತು ಹಾಕಿದ್ದು ಅಂತ ತೋರ್ಸಲ್ವಾ?"

"ಇದರ ಬ್ಯಾಟರಿ ಸತ್ತೂ ಸತ್ತೂ ಗಡಿಯಾರವೇ ಹುಚ್ಚಾಗಿದೆ ಮಾರಾಯ. ವೀಣಾ ಹುಟ್ಟೋಕೆ ಮುಂಚಿನ ತಾರೀಕು ತೋರಿಸ್ತಿದೆ."

ಬಾಗಿಲ ಬಳಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು.

ರಬ್ಬರ್ ಎಸ್ಟೇಟಿನಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದ ಸಿದ್ದಿ. ನಲವತ್ತರ ಹೆಂಗಸು. ಕೈಬೆರಳ ಸಂದಿಯಲ್ಲಿ ಒಣಗಿದ ರಬ್ಬರ್ ಹಾಲು ಬಿಳಿಯಾಗಿ ಅಂಟಿತ್ತು. ಎದೆಗೆ ಒಂದು ಅಕ್ಕಿ ಚೀಲವನ್ನು ಅವಚಿಕೊಂಡಿದ್ದಳು.

"ಬೆಳಗ್ಗೆಯಿಂದ ಆ ಮರದ ಹತ್ರ ನಿಂತಿದ್ರಲ್ಲ," ಎಂದ ಲಿಂಗ. "ಒಳಗೆ ಬರಬಾರದಾ?"

"ಹೆದರಿಕೆ ಆಯ್ತು." ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. "ನಾನು ಕದ್ದದ್ದಲ್ಲ ಮೇಡಂ. ದೇವರಾಣೆಗೂ ಅಲ್ಲ."

ಚೀಲದಲ್ಲಿ ಹಳೆಯ ಸೀರೆ. ಸೀರೆಯೊಳಗೆ ಲ್ಯಾಪ್‌ಟಾಪ್. ಬೆನ್ನ ಮೇಲೆ ಹಳದಿ ಚೀಟಿ: ಹನ್ನೊಂದು. ಸಿದ್ದಿ.

"ಇದು ನಿಮ್ಮದೇ ಅಲ್ವಾ? ಹೆಸರು ಬರೆದಿದೆ."

"ಚೀಟಿ ನಂದು. ಮಿಶನು ಟೀಚರ್ದು."

ಊರಿನಲ್ಲಿ ಎಲ್ಲರೂ ವೀಣಾಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಅವಳು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ.

"ಕೂತ್ಕೊಂಡು ಹೇಳಿ," ಎಂದಳು ಉಷಾರಾಣಿ.

ಸಿದ್ದಿ ಕೂರಲಿಲ್ಲ. "ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದ್ದೇನೆ ಮೇಡಂ, ಈ ಪ್ರಾಯದಲ್ಲಿ. ಎಸ್ಟೇಟಿನ ಲೈನ್‌ಮನೆಗಳಲ್ಲಿ ಎಲ್ರೂ ನಗಾಡುದು. ನಂಗೆ ಕೊಟ್ಟ ಮಿಶನು ಇಪ್ಪತ್ತು ನಿಮಿಷಕ್ಕೆ ಆಫ್. ಅದಕ್ಕೇ ಅದಕ್ಕೆ ಹೊಂಗೆ ಸಹ ಹಾಕಿಸ್ಕೊಳ್ಲಿಲ್ಲ. ನಮ್ಮ ಲೈನಲ್ಲಿ ಕರೆಂಟು ಹೋದ್ರೆ ಎರಡು ದಿನ ಬರುದಿಲ್ಲ. ಟೀಚರ್ ಒಂದಿನ ಲೈನಿಗೆ ಬಂದವ್ರು ನೋಡಿದ್ರು. ಮಾರನೇ ದಿನ ಇದನ್ನ ತಂದು ಕೊಟ್ಟು, ಅದನ್ನ ತಗೊಂಡು ಹೋದ್ರು. ಇದು ಬೆಳಗ್ಗೆಯಿಂದ ಸಂಜೆವರೆಗೆ ಬರ್ತದೆ."

"ಚೀಟಿ?"

"ಉಗುರಲ್ಲಿ ಮೆಲ್ಲ ಎಬ್ಬಿಸಿ ಅದಲುಬದಲು ಅಂಟಿಸಿದ್ರು. ಟ್ರಸ್ಟಿನವ್ರು ಬಂದು ಎಣಿಸ್ತಾರೆ ಸಿದ್ದಿ, ಒಳ್ಳೇದು ಮೇಲ್ವಿಚಾರಕಿ ಹತ್ರಾನೇ ಇರ್ಬೇಕಂತೆ, ಅವರು ನಂಬರು ನೋಡ್ತಾರೆ, ಒಳಗೆ ನೋಡುದಿಲ್ಲ ಅಂತ ನಗಾಡಿದ್ರು." ಅವಳು ಚೀಟಿಯ ಮೇಲೆ ಬೆರಳಾಡಿಸಿದಳು. "ಆಮೇಲೆ ಒಂಬತ್ತು ದಿನ ಇದ್ರು, ಅಷ್ಟೆ."

ಉಷಾರಾಣಿ ಆ ಲ್ಯಾಪ್‌ಟಾಪ್ ತೆರೆದಳು. ಹೊಸ ಚಿಪ್ಪು. ಎರಡು ವರ್ಷದಿಂದ ವೀಣಾ ಬರೆದದ್ದೆಲ್ಲ ಅದರಲ್ಲೇ ಇತ್ತು. ಪುಸ್ತಕದ ಪಟ್ಟಿಗಳು, ಪಂಚಾಯಿತಿಗೆ ಬರೆದ ಅರ್ಜಿಗಳು, 'ಸಿದ್ದಿಯ ಗಣಿತ' ಎಂಬ ಒಂದು ಕಡತ. ಲೋಕೇಶನ ಮೇಲೆ ದೂರು ಎಲ್ಲಿಯೂ ಇರಲಿಲ್ಲ.

ಕೊನೆಯ ಒಂಬತ್ತು ದಿನ ಅವಳು ಎಲ್ಲವನ್ನೂ, ಮೇಜಿನ ಖಾನೆಯಲ್ಲಿ ಸಿಕ್ಕಿದ್ದ ನೋಟುಪುಸ್ತಕದಲ್ಲಿ, ಕೈಯಲ್ಲೇ ಬರೆದಿದ್ದುದು ಏಕೆಂದು ಈಗ ತಿಳಿಯಿತು. ಇಪ್ಪತ್ತು ನಿಮಿಷದ ಗಣಕಕ್ಕೆ ಹೊಂಗೆ ಹಾಕುವ ಗೋಜಿಗೇ ಅವಳು ಹೋಗಿರಲಿಲ್ಲ.

"ಇದನ್ನು ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಟೀಚರ್ ಮೇಲೆ ಕಳ್ಳತನ ಬರ್ತದೆ ಅಂತ. ಸತ್ತವ್ರ ಮೇಲೆ." ಸಿದ್ದಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತು ಟ್ರಸ್ಟಿನ ಸೆಕ್ರೆಟರಿ ಸಾರು ಮಿಶನೆಲ್ಲ ವಾಪಸ್ ತಕೊಳ್ಳಿಕ್ಕೆ ಬರ್ತಾರಂತೆ. ಅದಕ್ಕೆ ತಂದೆ."

ಉಷಾರಾಣಿ ತಲೆಯೆತ್ತಿದಳು. "ಯಾರು ಬರ್ತಾರೆ?"

ಉತ್ತರ ಬೇಕಾಗಲಿಲ್ಲ. ಹೊರಗೆ ಕಾರು ನಿಂತಿತು.

ಜಯಪ್ರಕಾಶ್ ಬೆಳಕಿಂಡಿ ಟ್ರಸ್ಟಿನ ಕಾರ್ಯದರ್ಶಿ. ಅರವತ್ತು ದಾಟಿದ, ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಮನುಷ್ಯ. ಒಳಗೆ ಬಂದವರೇ ಎಲ್ಲರಿಗೂ ಕೈಮುಗಿದರು. ಸಿದ್ದಿ ನಿಂತಿದ್ದನ್ನು ಕಂಡು, ಬೆಂಚಿನ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಮ್ಮ," ಎಂದರು. ಆಗ ಮಾತ್ರ ಅವಳು ಕೂತಳು.

ಅದನ್ನು ನೋಡಿ ಉಷಾರಾಣಿಗೆ ಒಳಗೆಲ್ಲೋ ನೋವಾಯಿತು. ಈ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಸರ್, ನಿಮ್ಮ ರಿಜಿಸ್ಟರ್ ತಂದಿದ್ದೀರಾ?"

"ಇಲ್ಲಿದೆ ಅಮ್ಮ." ಚೀಲದಿಂದ ನೀಲಿ ಬೈಂಡಿನ ಪುಸ್ತಕ ತೆಗೆದರು. "ಹನ್ನೆರಡಕ್ಕೆ ಹನ್ನೆರಡೂ ಇದರಲ್ಲಿವೆ."

"ಇದರ ಇನ್ನೊಂದು ಪ್ರತಿ?"

"ಇಲ್ಲ. ಇದೊಂದೇ. ನನ್ನ ಹತ್ರಾನೇ ಇರುತ್ತೆ."

"ಏಳನೇ ನಂಬರು ಓದ್ತೀರಾ?"

ಅವರು ಕನ್ನಡಕ ಹುಡುಕಿದರು. ಇರಲಿಲ್ಲ. ಲಿಂಗ ರಟ್ಟಿನ ಡಬ್ಬಿಯನ್ನು ಮುಂದೆ ಸರಿಸಿದ. ಜಯಪ್ರಕಾಶ್ ಒಂದನ್ನು ತೆಗೆದು, ಕಡ್ಡಿಗೆ ಅಂಟಿಸಿದ್ದ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿ, ಹಾಕಿಕೊಂಡರು.

"ಏಳು. ವೀಣಾ, ಮೇಲ್ವಿಚಾರಕಿ. ಹೊಸ ಚಿಪ್ಪು."

"ಹನ್ನೊಂದು?"

"ಸಿದ್ದಿ. ಇಂಟೆಲ್, ಹಳೇದು."

"ಆ ಏಳನೇದು ಇಲ್ಲಿದೆ. ಸ್ವಲ್ಪ ತೆರೆದು ನೋಡಿ. ಒಳಗೆ ಯಾವ ಚಿಪ್ಪು ಅಂತ."

ಜಯಪ್ರಕಾಶ್ ಲ್ಯಾಪ್‌ಟಾಪಿನ ಮುಂದೆ ಬಗ್ಗಿದರು. ಒಂದು ಸಲ ನೋಡಿದರು. ಬೆನ್ನು ತಿರುಗಿಸಿ ಚೀಟಿ ನೋಡಿದರು. ಮತ್ತೆ ಪರದೆ ನೋಡಿದರು.

"ರಿಜಿಸ್ಟರಲ್ಲಿ ತಪ್ಪಾಗಿರಬೇಕು," ಎಂದರು.

"ರಿಜಿಸ್ಟರ್ ಸರಿ ಇದೆ ಸರ್. ವೀಣಾ ತನ್ನದನ್ನು ಇವರಿಗೆ ಕೊಟ್ಟು ಇವರದನ್ನು ತಾನಿಟ್ಟುಕೊಂಡಿದ್ಲು. ಚೀಟಿಯನ್ನೂ ಬದಲಾಯಿಸಿದ್ಲು."

"ಕೊಟ್ಲಾ?" ಅವರು ಸಿದ್ದಿಯತ್ತ ನೋಡಿದರು. "ನಿನಗೆ ಕೊಟ್ಲಾ ಅವಳು?"

ಸಿದ್ದಿ ಹೌದೆಂದು ತಲೆಯಾಡಿಸಿದಳು.

"ನನ್ನನ್ನು ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ," ಎಂದರು ಅವರು. ಆಮೇಲೆ, ನಿಧಾನವಾಗಿ, "ಇಲ್ಲ, ಕೊಡ್ತಿರಲಿಲ್ಲ. ನಿಯಮ ಹೇಳ್ತಿದ್ದೆ."

ಉಷಾರಾಣಿ ಎದುರು ಕುಳಿತಳು. "ಸರ್, ಈ ಗಣಕಕ್ಕೆ ಯಾರೋ ಹೊಂಗೆ ತಂದು ಹಾಕಿದ್ದಾರೆ. ಹೊಸ ಚಿಪ್ಪಿಗೆ ಮಾತ್ರ ಆಗೋದು. ಅದು ಇಲ್ಲಿ ಓಡೋದೇ ಇಲ್ಲ."

"ಯಾರು ಬೇಕಾದ್ರೂ ಹಾಕಬಹುದು."

"ಊರಿನವರು ಹಾಕಿದ್ರೆ ಯೂನಿವರ್ಸಲ್ ಹಾಕ್ತಿದ್ರು. ಟೀಚರ್ ಕಲಿಸಿದ್ದು ಅದೊಂದೇ. ಚಿಪ್ಪು ಅಂತ ಇದೆ ಅನ್ನೋದೇ ಇಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿದವರು ಯಾರಾದ್ರೂ ಈ ಯಂತ್ರ ತೆರೆದು ನೋಡಿ ಹಾಕಿದ್ರೆ, ಇಂಟೆಲಿಂದು ಹಾಕ್ತಿದ್ರು. ಹೊಸ ಚಿಪ್ಪಿಂದು ಹಾಕೋಕೆ ಒಂದೇ ದಾರಿ. ಯಂತ್ರ ನೋಡದೆ ರಿಜಿಸ್ಟರ್ ನೋಡಿರಬೇಕು."

ಹೊರಗೆ ಯಾರದೋ ಅಂಗಳದಲ್ಲಿ ಒಣಗಿದ ಮೆಣಸು ಗೋರುವ ಸರಸರ ಕೇಳುತ್ತಿತ್ತು.

"ರಿಜಿಸ್ಟರ್ ಒಂದೇ ಪ್ರತಿ ಅಂತ ನೀವೇ ಹೇಳಿದ್ರಿ."

ಜಯಪ್ರಕಾಶ್ ಕನ್ನಡಕ ತೆಗೆದು, ಮಡಿಸಿ, ಡಬ್ಬಿಯಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟರು.

"ಅವಳು ಯಾವಾಗಲೂ ದೊಡ್ಡದನ್ನೇ ಇಳಿಸ್ತಿದ್ಲು," ಎಂದರು. "ನಾನು ಬೈತಿದ್ದೆ. ಯಾರದು ಯಾವುದು ಅಂತ ಪಟ್ಟಿ ಕೊಡ್ತೀನಮ್ಮ, ಬೇಕಾದ್ದಷ್ಟೇ ಇಳಿಸು, ಎರಡರಷ್ಟು ಭಾರ ಯಾಕೆ ಹೊರ್ತೀಯ ಅಂತ. ಪಟ್ಟಿ ಬೇಡ ಸರ್, ಯಾರಿಗೆ ಯಾವಾಗ ಏನು ಬದಲಾಗುತ್ತೋ ಅನ್ನೋಳು."

"ಹೇಳಿಕೆ ಕೊಡುವಾಗ, ಶನಿವಾರ ಎರಡು ಗಂಟೆಗೇ ಇಲ್ಲಿಂದ ಹೊರಟೆ ಅಂದಿದ್ರಿ ನೀವು."

"ಸುಳ್ಳು ಹೇಳಿದೆ."

"ಎಷ್ಟು ಹೊತ್ತಿಗೆ ಹಾಕಿದ್ರಿ?"

"ಸಂಜೆ. ಆರೂವರೆ ಇರಬಹುದು. ಪತ್ರ ಹಾಕಿದ ಮೇಲೆ ನೋಡ್ತೀನಿ, ಹೊಂಗೆ ಇಲ್ಲ. ಮೇಲಿನ ತಿರುವಿನ ಹತ್ರ ಸ್ವಲ್ಪ ಸಿಗ್ನಲ್ ಬರುತ್ತಲ್ಲ, ಅಲ್ಲಿ ಹೋಗಿ ನನ್ನ ಲ್ಯಾಪ್‌ಟಾಪಿಗೆ ಇಳಿಸ್ಕೊಂಡೆ. ದೊಡ್ಡದು ಇಳೀಲಿಲ್ಲ. ಎರಡು ಸಲ ಅರ್ಧಕ್ಕೆ ನಿಂತಿತು. ರಿಜಿಸ್ಟರ್ ನೋಡಿ ಚಿಕ್ಕದು ತಗೊಂಡೆ." ಅವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. "ವಾಪಸ್ ಬಂದು ಹಾಕಿ, ತೆರೆಯುತ್ತಾ ಅಂತ ನೋಡೋಷ್ಟರಲ್ಲಿ ಪರದೆ ಕಪ್ಪಾಯ್ತು. ಬ್ಯಾಟರಿ. ಕರೆಂಟೂ ಇರಲಿಲ್ಲ."

"ಇಪ್ಪತ್ತು ನಿಮಿಷ," ಎಂದಳು ಸಿದ್ದಿ, ಯಾರಿಗೂ ಅಲ್ಲ ಎಂಬಂತೆ.

"ಪತ್ರದಲ್ಲಿ ಅವಳು ಸಾಯ್ತಾಳೆ ಅಂತ ಬರೆದಿತ್ತು. ಅಂದ್ರೆ ಆ ಹೊತ್ತಿಗೆ ಅವಳು ಸತ್ತಿದ್ದು ನಿಮಗೆ ಗೊತ್ತಿತ್ತು," ಎಂದಳು ಉಷಾರಾಣಿ.

"ಗೊತ್ತಿತ್ತು."

"ನೀವು ಕೊಂದ್ರಾ?"

ಜಯಪ್ರಕಾಶ್ ಅವಳ ಮುಖವನ್ನು ನೇರವಾಗಿ ನೋಡಿದರು. ಕಣ್ಣು ತುಂಬಿತ್ತು. "ನನ್ನ ತಾಯಿ ತೀರಿಕೊಂಡಾಗ ಹನ್ನೊಂದು ದಿನ ನಮ್ಮ ಮನೆಗೆ ಸಾರು ಮಾಡಿ ತಂದುಕೊಟ್ಟ ಹುಡುಗಿ ಅಮ್ಮ ಅವಳು. ಬಸ್ಸಲ್ಲಿ ಅಷ್ಟು ದೂರ. ಇಲ್ಲ. ನಾನು ಕೊಲ್ಲಲಿಲ್ಲ."

"ಪತ್ರ ಬರೆದದ್ದು?"

"ನಾನಲ್ಲ. ನನ್ನ ಕೈಗೆ ಬಂತು. ಹಾಕಿದ್ದು ಮಾತ್ರ ನಾನು."

"ಯಾರು ಕೊಟ್ಟದ್ದು?"

"ಹೇಳೋದಿಲ್ಲ."

ಲಿಂಗನಿಗೆ ತಡೆಯಲಾಗಲಿಲ್ಲ. "ಎಂತ ಸರ್ ನೀವು? ಓದಿದವ್ರು! ಒಬ್ಬ ಸುಮ್ನೆ ಒಳಗೆ ಕೂತಿದ್ದಾನೆ. ನಾಳೆ ಜೈಲಿಗೆ ಹೋಗ್ತಾನೆ."

"ಗೊತ್ತು."

"ಗೊತ್ತು ಅಂದ್ರೆ?"

"ಮಾತು ಕೊಟ್ಟಿದ್ದೀನಿ ಲಿಂಗಪ್ಪ. ನನ್ನನ್ನು ಕರ್ಕೊಂಡು ಹೋಗಿ. ಸಾಕ್ಷಿ ತಿರುಚಿದೆ ಅಂತ ಬರ್ಕೊಳ್ಳಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಹೆಸರು ಕೇಳಬೇಡಿ."

"ಲೋಕೇಶನ ಬಾಳು ಹಾಳಾಗ್ತಿದೆ ಸರ್," ಎಂದಳು ಉಷಾರಾಣಿ ಮೆತ್ತಗೆ. "ಎರಡು ವರ್ಷ ಅವಳನ್ನು ಜೋಪಾನವಾಗಿ ಕರ್ಕೊಂಡು ಹೋಗಿ ಕರ್ಕೊಂಡು ಬಂದವನು. ಆ ಪತ್ರ ಓದಿ ಹೇಳಿದಾಗ ಅವನು ಒಂದು ಮಾತೂ ಆಡ್ಲಿಲ್ಲ. ಅಲ್ಲ ಅಂತ ಕೂಡ ಹೇಳ್ಲಿಲ್ಲ. ಅಷ್ಟು ನೊಂದಿದ್ದಾನೆ. ಅವನ ಮೇಲೆ ನಿಮಗೆ ಕನಿಕರ ಇಲ್ವಾ?"

ಜಯಪ್ರಕಾಶ್ ಅವಳನ್ನು ನೋಡಿದ ನೋಟ ವಿಚಿತ್ರವಾಗಿತ್ತು. ಅಪರಾಧಿಯ ನೋಟವಲ್ಲ. ಏನೂ ತಿಳಿಯದವರನ್ನು ಕಂಡು ಮರುಗುವ ನೋಟ.

"ಇದೆ," ಎಂದರು. "ಅದಕ್ಕೇ."

ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಅವರು ಎದ್ದು ನಿಂತರು.

ಲಿಂಗ ಅವರನ್ನು ಪೊಲೀಸ್ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಹಿಂದೆ ಕೂರಿಸಬೇಕಿತ್ತು. ಉಷಾರಾಣಿ ನೋಡಿಯೂ ನೋಡದಂತಿದ್ದಳು. ಸಿದ್ದಿ ಅಂಗಳದಲ್ಲಿ ಖಾಲಿ ಅಕ್ಕಿ ಚೀಲವನ್ನು ಮಡಿಸುತ್ತ ನಿಂತಿದ್ದಳು.

"ಮೇಡಂ, ಲೋಕೇಶಣ್ಣ ಬರ್ತಾನಾ?"

"ನಾಳೆ ಬರ್ತಾನೆ ಸಿದ್ದಿ. ಪತ್ರ ಸುಳ್ಳು ಅಂತ ಆಯ್ತಲ್ಲ. ಅದು ಬಿಟ್ರೆ ಅವನ ಮೇಲೆ ಬೇರೇನೂ ಇಲ್ಲ."

"ಟೀಚರೇ ಬಿಡಿಸಿದ ಹಾಗಾಯ್ತು," ಎಂದಳು ಸಿದ್ದಿ. ನಗಲು ಹೋಗಿ ಅತ್ತಳು.

ಉಷಾರಾಣಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಸತ್ತವಳು ಒಬ್ಬಳಿಗೆ ಒಳ್ಳೆಯದು ಮಾಡಲು ಹೋಗಿ ಇನ್ನೊಬ್ಬನನ್ನು ಉಳಿಸಿದ್ದಳು. ತನ್ನನ್ನು ಉಳಿಸಿಕೊಳ್ಳಲು ಮಾತ್ರ ಅವಳಿಗೆ ಯಾರೂ ಸಿಕ್ಕಿರಲಿಲ್ಲ.

ಮೇಲಿನ ತಿರುವಿನ ಬಳಿ ಉಷಾರಾಣಿ ಜೀಪು ನಿಲ್ಲಿಸಲು ಹೇಳಿ, ಒಬ್ಬಳೇ ಇಳಿದು ಸ್ವಲ್ಪ ದೂರ ಹೋದಳು. ಫೋನಿನಲ್ಲಿ ಸಿಗ್ನಲಿನ ಒಂದು ಕಡ್ಡಿ ಕಾಣಿಸಿತು. ಠಾಣೆಗೆ ಮಾಡಿದಳು. ಲೋಕೇಶನಿಗೆ ಕೊಡಿ ಎಂದಳು. ಇದನ್ನು ಅವನಿಗೆ ತಾನೇ ಹೇಳಬೇಕೆನಿಸಿತ್ತು. ಐದು ದಿನದಲ್ಲಿ ಅವನು ಒಮ್ಮೆಯೂ ಹೊಟ್ಟೆತುಂಬ ಉಂಡಿರಲಿಲ್ಲ.

"ಲೋಕೇಶ್, ಉಷಾರಾಣಿ ಮಾತಾಡ್ತಿರೋದು. ಆ ಪತ್ರ ವೀಣಾ ಬರೆದದ್ದಲ್ಲ. ಸಾಕ್ಷಿ ಸಿಕ್ತು. ನಾಳೆ ಕೋರ್ಟಲ್ಲಿ ನಾನೇ ಹೇಳ್ತೀನಿ. ನೀನು ಮನೆಗೆ ಹೋಗಬಹುದು."

ಆ ಕಡೆ ಮೌನ. ಅಳುತ್ತಿರಬೇಕು ಎಂದುಕೊಂಡಳು. ಅಳಲಿ ಎಂದು ಕಾದಳು.

"ಮೇಡಂ."

"ಹೇಳು."

"ಕೋರ್ಟಲ್ಲಿ ಹೇಳ್ಬೇಡಿ."

"ಏನಂದೆ?"

"ನಿಮ್ಮ ಕಾಲಿಗೆ ಬೀಳ್ತೀನಿ. ಸೋಮವಾರದ ತನಕ ನನ್ನನ್ನ ಹೊರಗೆ ಬಿಡ್ಬೇಡಿ. ಜೈಲಾದ್ರೂ ಆಗ್ಲಿ."

"ಲೋಕೇಶ್, ನಿನಗೆ ಅರ್ಥ ಆಗ್ತಿಲ್ಲ. ನಿನ್ನ ಮೇಲೆ ಯಾರೋ ಸುಳ್ಳು ಬರೆದಿದ್ದಾರೆ ಕಣೋ."

"ಸುಳ್ಳು ಅಂತ ಗೊತ್ತು ಮೇಡಂ," ಎಂದ ಲೋಕೇಶ್. ದನಿಯಲ್ಲಿ ನಡುಕವಿರಲಿಲ್ಲ. "ಒಳಗಿದ್ರೆ ಮಾತ್ರ ಜೀವ ಉಳಿಯುತ್ತೆ ಅಂತ ಬರೆದದ್ದು ನಾನೇ."